ನಡು ಸಮುದ್ರದ ಗಾಳಿಯನ್ನು ಅಳೆಯುವವರು ಯಾರು?

ಓದುಗರ ಪ್ರಶ್ನೆ: ಚಂಡಮಾರುತ ಇನ್ನೂ ಸಮುದ್ರದಲ್ಲಿರುವಾಗಲೇ ‘ಗಾಳಿ ಗಂಟೆಗೆ ಇಷ್ಟು ಕಿ.ಮೀ.’ ಅಂತ ಹೇಳ್ತಾರಲ್ಲ, ಅಲ್ಲಿಗೆ ಹೋಗಿ ಅಳೆದವರು ಯಾರು?

ನಮ್ಮ ಕಡೆ ಸಾಮಾನ್ಯವಾಗಿ ಯಾರೂ ಹೋಗಿರುವುದಿಲ್ಲ. ಅಟ್ಲಾಂಟಿಕ್‌ನಲ್ಲಿ ಅಮೆರಿಕದವರು ಚಂಡಮಾರುತದೊಳಗೇ ವಿಮಾನ ನುಗ್ಗಿಸುತ್ತಾರೆ. ಅರಬ್ಬಿ ಸಮುದ್ರದಲ್ಲಿ ಆ ರೂಢಿ ಇಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಯಿತು. ಅದು ದಡದಿಂದ ದೂರವಿದ್ದಾಗ ಕೇಳಿಬಂದ ವೇಗವೆಲ್ಲ ಮುಖ್ಯವಾಗಿ ಉಪಗ್ರಹ ನೋಡಿ ಮಾಡಿದ ಅಂದಾಜು.

ಇದಕ್ಕೊಂದು ಹಳೇ ವಿಧಾನವಿದೆ. 1970ರ ದಶಕದಲ್ಲಿ ಅಮೆರಿಕದ ವರ್ನನ್ ಡ್ವೊರಾಕ್ ರೂಪಿಸಿದ್ದು. ಮೋಡದ ಸುರುಳಿ ಹೇಗಿದೆ, ಅದರ ನಟ್ಟನಡುವಿನ ‘ಕಣ್ಣು’ ಎಷ್ಟು ಸ್ಪಷ್ಟವಾಗಿದೆ ಅಂತ ನೋಡಿ ಅಂಕ ಕೊಡುತ್ತಾರೆ; ಆ ಅಂಕದಿಂದ ವೇಗ ಅಂದಾಜಿಸುತ್ತಾರೆ. ಇಂದಿಗೂ ಇದೇ ದೊಡ್ಡ ಆಧಾರ. ಆದರೆ ಮುಚ್ಚಳ ನೋಡಿ ಅನ್ನ ಬೆಂದಿದೆ ಅಂದ ಹಾಗಾಯ್ತು, ಅಲ್ವಾ? ಮೇಲೆ ತೆಳು ಮೋಡ ಹರಡಿಕೊಂಡರೆ ಕಣ್ಣೇ ಕಾಣದು.

ಮೈಕ್ರೋವೇವ್ ಅನ್ನುವ ರೇಡಿಯೋ ಅಲೆಗಳಿಗೆ ಆ ತೆಳು ಮೋಡ ಅಡ್ಡಿಯಲ್ಲ. 89 ಗಿಗಾಹರ್ಟ್ಸ್ ಆವರ್ತನದ ಆಸುಪಾಸಿನಲ್ಲಿ ನೋಡಿದರೆ, ಕೆಳಗಿಂದ ಬರುವ ವಿಕಿರಣವನ್ನು ದಪ್ಪ ಮಳೆಮೋಡದ ಮಂಜುಗಡ್ಡೆ ಚದುರಿಸಿಬಿಡುತ್ತದೆ. ಹಾಗಾಗಿ ಕಣ್ಣಿನ ಸುತ್ತಲ ಮೋಡದ ಗೋಡೆ ತಣ್ಣನೆಯ ಉಂಗುರವಾಗಿ ಎದ್ದು ಕಾಣುತ್ತದೆ. ಉಂಗುರ ಪೂರ್ತಿ ಕೂಡಿಕೊಂಡಿದೆಯೇ, ಒಂದು ಕಡೆ ಹರಿದಿದೆಯೇ ಅನ್ನುವುದರಿಂದಲೇ ಬಹಳಷ್ಟು ಗೊತ್ತಾಗುತ್ತದೆ.

ನನಗೆ ಇನ್ನೂ ಸೊಗಸೆನಿಸುವುದು 55 ಗಿಗಾಹರ್ಟ್ಸ್ ಹತ್ತಿರದ ಕೆಲಸ. ಅಲ್ಲಿ ಗಾಳಿಯಲ್ಲಿರುವ ಆಮ್ಲಜನಕವೇ ವಿಕಿರಣ ಸೂಸುತ್ತದೆ. ಆಮ್ಲಜನಕದ ಪಾಲು ಎಲ್ಲೆಡೆ ಒಂದೇ. ಆದ್ದರಿಂದ ಹೆಚ್ಚುಕಮ್ಮಿ ಕಂಡರೆ ಅದು ಉಷ್ಣತೆಯ ವ್ಯತ್ಯಾಸ. ಬಲವಾದ ಚಂಡಮಾರುತದ ನಡುಭಾಗ, ಮೇಲಿನ ಎತ್ತರದಲ್ಲಿ, ಸುತ್ತಲಿಗಿಂತ 10 ಡಿಗ್ರಿಗೂ ಜಾಸ್ತಿ ಬಿಸಿಯಾಗಿರಬಹುದು. ಬಿಸಿ ಗಾಳಿ ಹಗುರ. ಮೇಲಿನ ಕಂಬ ಹಗುರವಾದಷ್ಟೂ ಸಮುದ್ರಮಟ್ಟದ ಒತ್ತಡ ಇಳಿಯುತ್ತದೆ. ಒತ್ತಡ ಎಷ್ಟು ಇಳಿದಿದೆ ಅಂತ ಗೊತ್ತಾದರೆ ಗಾಳಿಯ ವೇಗವನ್ನು ಅಂದಾಜಿಸಬಹುದು.

ತೊಡಕು ಇರುವುದು ಉಪಕರಣದ ದೃಷ್ಟಿಯಲ್ಲಿ. 1998ರಲ್ಲಿ ಹಾರಿದ ಅಮೆರಿಕದ ನೋವಾ-15 ಉಪಗ್ರಹದಲ್ಲಿ ಹೀಗೆ ಉಷ್ಣತೆ ಅಳೆಯುತ್ತಿದ್ದ ಆಮ್ಸು ಉಪಕರಣಕ್ಕೆ ನೇರ ಕೆಳಗೆ ನೋಡಿದರೂ ಚಿತ್ರದ ಒಂದು ಚುಕ್ಕಿ ಸುಮಾರು 48 ಕಿ.ಮೀ. ಅಗಲ. ಓರೆಯಾಗಿ ನೋಡಿದರೆ ಇನ್ನೂ ದೊಡ್ಡದು. ಚಂಡಮಾರುತದ ಕಣ್ಣು 20 ಕಿ.ಮೀ. ಇದ್ದರೆ ಒಳಗಿನ ಬಿಸಿ, ಹೊರಗಿನ ತಂಪು ಎರಡೂ ಬೆರೆತು ಬಲ ಕಡಿಮೆ ಕಾಣುತ್ತದೆ. ಅದಕ್ಕೇ ಕಣ್ಣಿನ ಗಾತ್ರವನ್ನು ಬೇರೆ ಕಡೆಯಿಂದ ತಂದು ಲೆಕ್ಕ ಸರಿಪಡಿಸುತ್ತಾರೆ. 2011ರ ಸುವೋಮಿ ಎನ್‌ಪಿಪಿ ಉಪಗ್ರಹದ ಉಪಕರಣದಲ್ಲಿ ಈ ಚುಕ್ಕಿ ಸುಮಾರು 32 ಕಿ.ಮೀ.ಗೆ ಇಳಿಯಿತು.

ಇನ್ನೊಂದು ಕೊರತೆ ಹೊತ್ತಿನದು. ಧ್ರುವಗಳ ಮೇಲೆ ಸುತ್ತುವ ಇಂಥ ಒಂದು ಉಪಗ್ರಹ ಒಂದೇ ಜಾಗವನ್ನು ದಿನಕ್ಕೆ ಎರಡು ಸಲವಷ್ಟೇ ನೋಡುತ್ತದೆ. ಅಷ್ಟರಲ್ಲಿ ಚಂಡಮಾರುತದ ಬಲವೇ ಬದಲಾಗಿರಬಹುದು. 2011ರಲ್ಲಿ ಇಸ್ರೋ ಫ್ರಾನ್ಸ್ ಜೊತೆ ಸೇರಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಉಷ್ಣವಲಯದ ಮೇಲಷ್ಟೇ ಸುತ್ತುತ್ತ, ಒಂದೇ ಜಾಗವನ್ನು ದಿನಕ್ಕೆ ಹಲವು ಸಲ ನೋಡುತ್ತಿತ್ತು. 2023ರ ಮೇ ತಿಂಗಳಲ್ಲಿ ನಾಸಾ ನಾಲ್ಕು ಪುಟಾಣಿ ಟ್ರಾಪಿಕ್ಸ್ ಉಪಗ್ರಹಗಳನ್ನು ಹಾರಿಸಿದ್ದೂ, ಸುಮಾರು ಗಂಟೆಗೊಮ್ಮೆ ನೋಟ ಸಿಗಲಿ ಅಂತಲೇ.