ಬಾಗುರುಂಬಾ: ನಿಧಾನವೇ ಅದರ ಕಷ್ಟ

ಕಾಲೇಜು ತಂಡಗಳಿಗೆ ಜನಪದ ಕುಣಿತ ಕಲಿಸುವುದು ನನ್ನ ಕೆಲಸ. ಯುವಜನೋತ್ಸವ ಹತ್ತಿರ ಬಂದಾಗ ಮಕ್ಕಳು ಬಾಗುರುಂಬಾ ವಿಡಿಯೊ ತೋರಿಸುತ್ತಾರೆ. ‘ಹೆಜ್ಜೆ ಕಮ್ಮಿ ಇದೆ, ಒಂದು ವಾರದಲ್ಲಿ ಆಗುತ್ತೆ ಅಲ್ವಾ ಮೇಡಂ?’ ನಾನು ಮೊದಲು ಕೈಗೆ ಶಾಲು ಕೊಟ್ಟು ಸುಮ್ನೆ ನಿಲ್ಲಿಸುತ್ತೇನೆ.

ಇದು ಅಸ್ಸಾಮಿನ ಬೋಡೊ ಬುಡಕಟ್ಟಿನ ಹೆಣ್ಣುಮಕ್ಕಳ ಕುಣಿತ. ಕೊಕ್ರಝಾರ್, ಉದಾಲ್‌ಗುರಿ ಕಡೆ ಏಪ್ರಿಲ್ ಮಧ್ಯದಲ್ಲಿ ಬೈಸಾಗು ಹಬ್ಬ ಬರುತ್ತದೆ. ಆಗ ದನಗಳ ಮೈ ತೊಳೆದು, ಸೋರೆ, ಬದನೆಯ ಹಾರ ಹಾಕುತ್ತಾರೆ. ಮಳೆ ಬಿದ್ದು ಮರ ಚಿಗುರುವ ಹೊತ್ತಿನ ಆ ಖುಷಿಯೇ ಬಾಗುರುಂಬಾ.

ಎದೆಯಿಂದ ಪಾದದವರೆಗೆ ಸುತ್ತುವ ಬಟ್ಟೆ ದೊಖ್ನಾ. ಹೆಗಲ ಮೇಲಿನ ಶಾಲು ಜೊಮ್ಗ್ರಾ. ಅದರ ಎರಡು ತುದಿ ಹಿಡಿದು ಕೈ ಅಗಲಿಸಿದರೆ ರೆಕ್ಕೆ. ಚಿಟ್ಟೆ ಕುಣಿತ ಅನ್ನುವುದು ಅದಕ್ಕೇ. ಬೋಡೊ ಮನೆಗಳಲ್ಲಿ ಮಗ್ಗ ಹೆಣ್ಣುಮಕ್ಕಳದ್ದು. ನೇಯ್ದ ಚಿತ್ತಾರಕ್ಕೆ ಆಗೊರ್ ಅನ್ನುತ್ತಾರೆ: ಬೆಟ್ಟದ ಸಾಲು, ಪಾರಿವಾಳದ ಕಣ್ಣು ಹೀಗೆ. ರೆಕ್ಕೆ ಬಿಚ್ಚಿದಾಗ ಆ ನೇಯ್ಗೆ ಪೂರ್ತಿ ಕಾಣಬೇಕು. ತನ್ನ ಕೈಕೆಲಸವನ್ನು ಊರಿಗೆ ತೋರಿಸುವ ಹೆಮ್ಮೆಯೂ ಈ ಕುಣಿತದಲ್ಲಿ ಇದೆ ಅಂತ ನನಗೆ ಅನಿಸುತ್ತದೆ. ಬೇಗ ಕುಣಿದರೆ ಶಾಲು ಮುದುಡುತ್ತದೆ, ಚಿತ್ತಾರ ಕಾಣುವುದಿಲ್ಲ.

ವಾದ್ಯ ನುಡಿಸುವವರು ಗಂಡಸರು. ಉದ್ದನೆಯ ಮದ್ದಳೆಯಂಥ ಖಾಮ್, ಐದು ತೂತಿನ ಬಿದಿರು ಕೊಳಲು ಸಿಫುಂಗ್, ಕಮಾನಿನಿಂದ ನುಡಿಸುವ ಸೆರ್ಜಾ, ತಾಳದಂಥ ಜೋಥಾ. ಒಂದು ತಂಡ ಇದಕ್ಕೆ ನೆರೆಯ ಅಸ್ಸಾಮಿಯರ ಬಿಹು ಕುಣಿತದ ಡೋಲು ಸೇರಿಸಿ ವೇಗ ಏರಿಸಿದ್ದನ್ನು ನೋಡಿದ್ದೇನೆ. ಚಪ್ಪಾಳೆ ಜಾಸ್ತಿ ಬಿತ್ತು, ನನಗೆ ಮಾತ್ರ ನೋವಾಯಿತು. ತಮ್ಮ ಭಾಷೆ, ತಮ್ಮ ಗುರುತಿಗಾಗಿ ಬೋಡೊ ಜನ ಬಹಳ ವರ್ಷ ಹೋರಾಡಿದ್ದಾರೆ. ಅವರ ಭಾಷೆ ಸಂವಿಧಾನದ 8ನೇ ಪರಿಚ್ಛೇದಕ್ಕೆ ಸೇರಿದ್ದು 2003ರ ತಿದ್ದುಪಡಿಯಿಂದ. ಅಂಥವರ ಕುಣಿತಕ್ಕೆ ಪಕ್ಕದವರ ತಾಳ ಹಾಕಬಾರದು.

ಇನ್ನೊಂದು ತಪ್ಪೂ ಆಗುತ್ತದೆ. ಕತ್ತಿ ಹಿಡಿದು ಆವೇಶದಲ್ಲಿ ಕುಣಿಯುವ ದೌದಿನಿ ಎಂಬ ಪೂಜಾರಿಣಿಯನ್ನು ಇದರೊಳಗೆ ತರುತ್ತಾರೆ. ಆ ಕುಣಿತ ಬೋಡೊಗಳ ಬಾಥೌ ದೇವರ ಖೆರಾಯ್ ಪೂಜೆಯದು. ಅದನ್ನು ಅಲ್ಲೇ ಬಿಡಿ.

ಅಭ್ಯಾಸ ಹೀಗೆ ಶುರು ಮಾಡಿ: ಮಂಡಿ ಸ್ವಲ್ಪ ಬಾಗಲಿ, ಪಾದ ನೆಲ ಬಿಟ್ಟು ಹೆಚ್ಚು ಮೇಲೇಳಬಾರದು, ಸಾಲು ಮುರಿಯಬಾರದು. ಕಳೆದ ಸಲದ ತಂಡ ನಾಲ್ಕನೇ ದಿನ ಶಾಲು ಮುದುಡದಂತೆ ಒಂದು ಸುತ್ತು ತಿರುಗಿತು. ಅವತ್ತು ಮೊದಲ ಸಲ ಹಾಡು ಹಾಕಿದೆ.