ಇಪಿಕೆಎಂ: ಹಳ್ಳಿ ಬಸ್ಸು ಓಡಬೇಕೋ ನಿಲ್ಲಬೇಕೋ ಎಂಬುದರ ಲೆಕ್ಕ

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಕೆಡಿಪಿ (ಸರ್ಕಾರಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನೆ) ಸಭೆಗಳಲ್ಲಿ ಸಾರಿಗೆಯ ಸರದಿ ಬಂದಾಗ, ರಾತ್ರಿ ಹಳ್ಳಿಯಲ್ಲೇ ತಂಗುತ್ತಿದ್ದು ಈಗ ನಿಂತುಹೋದ ವಸ್ತಿ ಬಸ್ಸನ್ನು ಮತ್ತೆ ಬಿಡಿ ಎಂದು ಜನಪ್ರತಿನಿಧಿಗಳು ಕೇಳುವುದೂ, ಆ ಮಾರ್ಗದ ‘ಇಪಿಕೆಎಂ’ ಕಡಿಮೆ ಇದೆ ಎಂದು ಅಧಿಕಾರಿಗಳು ಉತ್ತರಿಸುವುದೂ ವಾಡಿಕೆ. ಚರ್ಚೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

ಇಪಿಕೆಎಂ ಎಂದರೆ ಬಸ್ಸು ಓಡಿದ ಪ್ರತಿ ಕಿಲೋಮೀಟರಿಗೆ ಬಂದ ಗಳಿಕೆ. ಒಂದು ಬಸ್ಸು ದಿನಕ್ಕೆ ಮಾಡಬೇಕೆಂದು ಬಸ್ ಘಟಕದವರು (ಡಿಪೊ) ಗೊತ್ತುಪಡಿಸಿದ ಟ್ರಿಪ್ಪುಗಳಿಗೆಲ್ಲ ಸೇರಿ ಅನುಸೂಚಿ ಎನ್ನುತ್ತಾರೆ. ಆ ಅನುಸೂಚಿಯ ಒಟ್ಟು ವರಮಾನವನ್ನು ಓಡಿದ ದೂರದಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ. ಇದಕ್ಕೆ ಎದುರಾಗಿ ಡೀಸೆಲ್, ಸಿಬ್ಬಂದಿ ವೇತನ, ಟೈರು, ಬಿಡಿಭಾಗ, ಸವಕಳಿಯೆಲ್ಲ ಸೇರಿದ ಪ್ರತಿ ಕಿಲೋಮೀಟರಿನ ವೆಚ್ಚವನ್ನು ಸಿಪಿಕೆಎಂ ಎನ್ನುತ್ತಾರೆ. ಮೊದಲನೆಯದು ಎರಡನೆಯದಕ್ಕಿಂತ ಕೆಳಗಿದ್ದರೆ ಬಸ್ಸು ಓಡಿದಷ್ಟೂ ಸಾರಿಗೆ ನಿಗಮಕ್ಕೆ ನಷ್ಟ.

ತೊಡಕಿರುವುದು ಸರಾಸರಿಯಲ್ಲಿ. ಚಿಂಚೋಳಿ ಕಡೆಯ ಒಂದು ಬಸ್ಸು ದಿನಕ್ಕೆ 200 ಕಿ.ಮೀ. ಓಡಿ 8,400 ರೂಪಾಯಿ ತರುತ್ತದೆ ಎಂದು ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ. ಇಪಿಕೆಎಂ 42 ರೂಪಾಯಿ. ಆದರೆ ಬೆಳಗ್ಗೆ, ಸಂಜೆಯ 80 ಕಿ.ಮೀ. ಓಟದಲ್ಲೇ 6,000 ರೂಪಾಯಿ ಬಂದಿದ್ದರೆ ಆ ಟ್ರಿಪ್ಪುಗಳ ಗಳಿಕೆ ಕಿಲೋಮೀಟರಿಗೆ 75 ರೂಪಾಯಿ, ಮಧ್ಯಾಹ್ನದ 120 ಕಿ.ಮೀ. ಗಳಿಕೆ ಬರೀ 20 ರೂಪಾಯಿ. ಅನುಸೂಚಿಯನ್ನೇ ರದ್ದು ಮಾಡಿದರೆ ಮಧ್ಯಾಹ್ನದ ಖಾಲಿ ಓಟದ ಜೊತೆಗೆ ಜನ ಕಿಕ್ಕಿರಿದು ಹತ್ತುವ ಬೆಳಗಿನ ಟ್ರಿಪ್ಪೂ ಹೋಗುತ್ತದೆ. ಘಟಕದಿಂದ ಮೊದಲ ಊರಿನವರೆಗೆ ಪ್ರಯಾಣಿಕರಿಲ್ಲದೆ ಓಡುವ ಡೆಡ್ ಕಿಲೋಮೀಟರ್ ಹೆಚ್ಚಿದ್ದರಂತೂ ವೆಚ್ಚದ ಭಾರ ಇನ್ನೂ ಏರುತ್ತದೆ. ಬಸ್ಸು ರಾತ್ರಿ ಹಳ್ಳಿಯಲ್ಲೇ ವಸ್ತಿ ಉಳಿದರೆ ಆ ಖಾಲಿ ಓಟ ತಪ್ಪುತ್ತದೆ ಎಂಬುದನ್ನು ಸಭೆಯಲ್ಲಿ ಯಾರಾದರೂ ನೆನಪಿಸುವುದು ಒಳ್ಳೆಯದು.

ಗಳಿಕೆಯ ಲೆಕ್ಕದಲ್ಲಿ ಎಲ್ಲ ಪ್ರಯಾಣಿಕರೂ ಒಂದೇ ಬಗೆಯಲ್ಲಿ ಕಾಣಿಸುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಕೊಡುವ ಶೂನ್ಯ ಟಿಕೆಟಿನ ಮೌಲ್ಯವನ್ನು ನಿಗಮವು ಸರ್ಕಾರದಿಂದ ಕೇಳಿ ಪಡೆಯಬೇಕು. ಟಿಕೆಟ್ ಪಡೆಯದೆ ಪ್ರಯಾಣಿಸಿದರೆ ಆ ಮಾರ್ಗದ ಲೆಕ್ಕದಲ್ಲಿ ಆಕೆ ಇಲ್ಲವೇ ಇಲ್ಲ. ಪಾಸು ತೋರಿಸಿ ಹತ್ತುವ ಹುಡುಗರ ಪ್ರಯಾಣವೂ ಆ ಟ್ರಿಪ್ಪಿನ ಟಿಕೆಟ್ ಯಂತ್ರದಲ್ಲಿ ಹಣವಾಗಿ ಮೂಡುವುದಿಲ್ಲ. ಹೀಗಾಗಿ ಕಾಲೇಜು ವೇಳೆಯಲ್ಲಿ ಬಾಗಿಲಲ್ಲಿ ಜೋತುಬಿದ್ದು ಜನ ಬರುವ ಬಸ್ಸೂ ಕಾಗದದ ಮೇಲೆ ಬಡ ಬಸ್ಸಾಗಿ ಕಾಣಬಹುದು.

ಹೊಸ ಬಸ್ಸು ಕೊಡಿಸಿದರೆ ಸಮಸ್ಯೆ ತೀರುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿ ಬಲವಾಗಿದೆ. ಸಂವಿಧಾನದ 371(ಜೆ) ವಿಧಿಯ ಆಧಾರದಲ್ಲಿ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಅನುದಾನದಿಂದ ಬಸ್ಸು ಕೊಳ್ಳಬಹುದು, ನಿಲ್ದಾಣ ಕಟ್ಟಬಹುದು. ಆದರೆ ಅದು ಬಂಡವಾಳದ ಹಣ. ಬಸ್ಸು ಬಂದ ಮರುದಿನದಿಂದ ಅದರ ಡೀಸೆಲ್ಲಿಗೂ ಚಾಲಕ, ನಿರ್ವಾಹಕರ ಸಂಬಳಕ್ಕೂ ಟಿಕೆಟಿನ ಹಣವನ್ನೋ ಸರ್ಕಾರದ ಮರುಪಾವತಿಯನ್ನೋ ನೆಚ್ಚಬೇಕು. ಜನವಿರಳ ಮಾರ್ಗದಲ್ಲಿ ಹೊಸ ಬಸ್ಸಿನ ಇಪಿಕೆಎಂ ಹಳೆಯದಕ್ಕಿಂತ ಹೆಚ್ಚೇನೂ ಆಗದು.

ನಷ್ಟದ ಮಾರ್ಗ ನಿಲ್ಲಿಸಲು ಕಾನೂನಿನ ಬೆಂಬಲವಿದೆಯೇ ಎಂದರೆ, ಅರ್ಧ ಇದೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 22ನೆಯ ಕಲಂ ನಿಗಮವು ವ್ಯವಹಾರದ ತತ್ವಗಳಂತೆ ನಡೆಯಬೇಕೆನ್ನುತ್ತದೆ. ಅದೇ ಕಾಯ್ದೆಯ 18ನೆಯ ಕಲಂ ಸಾಕಷ್ಟು, ಸಮರ್ಥ, ಮಿತವ್ಯಯದ ಸೇವೆ ಒದಗಿಸುವುದನ್ನು ಅದರ ಕರ್ತವ್ಯವಾಗಿಸುತ್ತದೆ. ಸಭೆಗಳಲ್ಲಿ 22ನೆಯ ಕಲಮಿನ ದನಿಯೇ ಹೆಚ್ಚಾಗಿ ಕೇಳಿಸುತ್ತದೆ.

34ನೆಯ ಕಲಮಿನಂತೆ ನಿಗಮಕ್ಕೆ ನಿರ್ದೇಶನ ಕೊಡುವ ಅಧಿಕಾರ ರಾಜ್ಯ ಸರ್ಕಾರದ್ದು. ಆದ್ದರಿಂದ ಗ್ರಾಮ ಪಂಚಾಯತಿಯ ಠರಾವು ಘಟಕ ವ್ಯವಸ್ಥಾಪಕರಿಗೆ ಮನವಿಯಷ್ಟೇ ಆಗಿ ಉಳಿಯುತ್ತದೆ. ಆ ಮನವಿಯಲ್ಲಿ ‘ಬಸ್ ಬಿಡಿ’ ಎಂದು ಬರೆಯುವುದರ ಜೊತೆಗೆ, ಅನುಸೂಚಿಯ ಇಪಿಕೆಎಂ ಬದಲು ಟ್ರಿಪ್ಪುವಾರು ಗಳಿಕೆಯನ್ನೂ ಪಾಸುದಾರರ ಸಂಖ್ಯೆಯನ್ನೂ ಕೇಳಿದರೆ, ಯಾವ ಟ್ರಿಪ್ಪು ಉಳಿಸಬೇಕು, ಯಾವುದರ ವೇಳೆ ಬದಲಿಸಬೇಕು, ಉಳಿಯುವ ಕೊರತೆಯನ್ನು ಯಾರು ಭರಿಸಬೇಕು ಎಂಬ ಮಾತಿಗೆ ಸಭೆಯಲ್ಲಿ ಜಾಗ ಸಿಗುತ್ತದೆ.