ಮಳೆಗಾಲದಲ್ಲಿ ಇಲ್ಲದ ರ‍್ಯಾಫ್ಟಿಂಗ್ ಬೇಸಿಗೆಯಲ್ಲಿ ಹೇಗೆ?

ಪ್ರಶ್ನೆ: ಜುಲೈನಲ್ಲಿ ಗಣೇಶಗುಡಿಗೆ ಹೋದರೆ ರ‍್ಯಾಫ್ಟಿಂಗ್ ಬಂದ್ ಅಂದರು. ಏಪ್ರಿಲ್‌ನಲ್ಲಿ ಬನ್ನಿ ಅಂತಾರೆ. ಹೊಳೆಯಲ್ಲಿ ನೀರಿರೋದು ಮಳೆಗಾಲದಲ್ಲಿ ಅಲ್ವಾ?

ಉತ್ತರ: ಶಿರಸಿ ಕಡೆಯವರಿಗೆ ಈ ಅನುಮಾನ ಬರೋದು ಸಹಜ. ನಮ್ಮ ಶಾಲ್ಮಲೆ ಹೊಳೆ ಬೇಸಿಗೆಯಲ್ಲಿ ಸೊರಗುತ್ತದೆ, ಸಹಸ್ರಲಿಂಗದಲ್ಲಿ ಹೊಳೆಯೊಳಗಿನ ಲಿಂಗದ ಕಲ್ಲುಗಳೆಲ್ಲ ಎದ್ದು ಕಾಣುತ್ತವೆ. ಗಣೇಶಗುಡಿಯ ಹೊಳೆ ಕಾಳಿ, ಅದು ಹಾಗಲ್ಲ. ಗಣೇಶಗುಡಿಯಲ್ಲೇ ಸೂಪಾ ಡ್ಯಾಂ ಇದೆ. ಎತ್ತರ 101 ಮೀಟರ್. ಜೋಯಿಡಾ ಕಾಡಿನ ಮಳೆಯನ್ನೆಲ್ಲ ಹಿಡಿದಿಟ್ಟುಕೊಂಡು, ಕರೆಂಟಿಗೆ ಬೇಕಾದಂತೆ ವರ್ಷವಿಡೀ ಬಿಡುತ್ತದೆ. ಡ್ಯಾಂ ಬುಡದಲ್ಲಿ 50 ಮೆಗಾವ್ಯಾಟ್‌ನ ಕರೆಂಟು ತಯಾರಿಸುವ ಎರಡು ಯೂನಿಟ್‌ಗಳಿವೆ. ಅವನ್ನು ತಿರುಗಿಸಿ ಹೊರಬಿದ್ದ ನೀರಿನ ಮೇಲೇ ನಿಮ್ಮ ರ‍್ಯಾಫ್ಟ್ ತೇಲೋದು. ಯೂನಿಟ್ ನಿಂತರೆ ಹೊಳೆಯೂ ಇಳಿಯುತ್ತದೆ.

ಒಮ್ಮೆ ದಂಡೆಯಲ್ಲಿ ಕಾಯುತ್ತಾ ಕೂತಿದ್ದೆ. ಎದುರಿಗೆ ಒಂದು ಬಂಡೆ, ಬಿಸಿಲಿಗೆ ಬೆಳ್ಳಗೆ ಒಣಗಿತ್ತು. ಅದರ ಮೇಲೆ ಯಾರೋ ಚಪ್ಪಲಿ ಬಿಟ್ಟಿದ್ದರು. ಸದ್ದೇನೂ ಇಲ್ಲ, ಮೋಡವೂ ಇಲ್ಲ. ಸುಮ್ನೆ ನೋಡ್ತಾ ಇದ್ದ ಹಾಗೇ ಬಂಡೆಯ ಬುಡ ಒದ್ದೆಯಾಯಿತು, ಆಮೇಲೆ ಅರ್ಧ, ಆಮೇಲೆ ಚಪ್ಪಲಿ ತೇಲಿಹೋಯಿತು. ಚಪ್ಪಲಿ ಜಾಗದಲ್ಲಿ ಮಗು ಕೂತಿದ್ದರೆ? ಆಕಾಶ ನೋಡಿ ಈ ಹೊಳೆಯನ್ನು ಅಳೆಯೋಕಾಗಲ್ಲ. ಅದಕ್ಕೇ ಡ್ಯಾಂ ಕೆಳಗೆ ನಡುಹೊಳೆಯ ಬಂಡೆ ಮೇಲೆ ಊಟದ ಡಬ್ಬಿ ಬಿಚ್ಚಬೇಡಿ.

ಮಳೆಗಾಲದ್ದು ಬೇರೆ ಲೆಕ್ಕ. ಡ್ಯಾಂ ಕೆಳಗೂ ಹಳ್ಳಗಳು ಕೆಂಪು ನೀರು ತಂದು ಸುರಿಯುತ್ತವೆ. ಅದನ್ನು ತಡೆಯೋಕೆ ಅಲ್ಲಿ ಯಾವ ಗೇಟೂ ಇಲ್ಲ. ಜೊತೆಗೆ ಮರದ ದಿಮ್ಮಿಯೂ ಬರಬಹುದು. ಅದಕ್ಕೇ ಜುಲೈನಲ್ಲಿ ಬಂದ್.

ಇದೇ ನೀರು ಮುಂದೆ ಬೊಮ್ಮನಹಳ್ಳಿ ಡ್ಯಾಂ ಸೇರಿ, ಸುರಂಗದಲ್ಲಿ ನಾಗಝರಿಗೆ ಇಳಿದು, ಕೊಡಸಳ್ಳಿ, ಕದ್ರಾ ದಾಟಿ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ, ಹೀಗೆ ನಾಲ್ಕು ಕಡೆ ಕರೆಂಟು!

ಸೂಪಾ ಡ್ಯಾಂ ಹಿನ್ನೀರಲ್ಲಿ ಈಜಬಹುದಾ ಅಂತ ಕೇಳುವವರೂ ಇದ್ದಾರೆ. ಬೇಡ. ಆಳ ಗೊತ್ತಾಗಲ್ಲ. ಹಳೇ ಸೂಪಾ ಊರೇ ಅದರಡಿ ಮುಳುಗಿದೆ. ತಾಲೂಕು ಕಚೇರಿ ಜೋಯಿಡಾಕ್ಕೆ ಬಂದಿದ್ದೂ ಹಾಗೇ. ಡ್ಯಾಂ ಮೇಲೆ ಹೋಗೋಕೂ ಮೊದಲೇ ಅನುಮತಿ ಬೇಕು.

ಮನೆಯಿಂದ ಹೊರಡುವ ಮುಂಚೆ ರ‍್ಯಾಫ್ಟಿಂಗ್‌ನವರಿಗೆ ಫೋನ್ ಮಾಡಿ. "ಸೀಟಿದೆಯಾ" ಅಂತಲ್ಲ, "ನಾಳೆ ನೀರು ಎಷ್ಟೊತ್ತಿಗೆ ಬಿಡ್ತಾರೆ" ಅಂತ ಕೇಳಿ.